ಹಿಮಕ್ಕೂ ಒಂದು ಹದ ಇರುತ್ತದೆ: ಗುಲ್ಮಾರ್ಗ್‌ನಲ್ಲಿ ಒಂದು ದಿನದ ಸ್ಕೀಯಿಂಗ್

ಓದುಗರ ಪ್ರಶ್ನೆ: "ಸರ್, ನಮಸ್ಕಾರ. ನಾನು ವಿಜಯಪುರದವನು, ವಯಸ್ಸು 43. ಜನವರಿ ಕೊನೆಯ ವಾರ ಹೆಂಡತಿ ಮತ್ತು 14 ವರ್ಷದ ಮಗಳ ಜೊತೆ ಕಾಶ್ಮೀರಕ್ಕೆ ಹೊರಟಿದ್ದೇವೆ. ಗುಲ್ಮಾರ್ಗ್‌ಗೆ ಒಂದು ದಿನ ಇಟ್ಟಿದ್ದೇವೆ. ಸ್ಕೀಯಿಂಗ್ ಮಾಡಲೇಬೇಕು ಅಂತ ಮಗಳ ಹಟ. ನನಗೂ ಆಸೆ ಇದೆ, ಭಯವೂ ಇದೆ. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಬಲ ಮಂಡಿಗೆ ಪೆಟ್ಟಾಗಿತ್ತು. ಈಗಲೂ ಮೆಟ್ಟಿಲು ಇಳಿಯುವಾಗ ಒಮ್ಮೊಮ್ಮೆ ಮಂಡಿ ಸರಕ್ಕನೆ ಜಾರಿದ ಹಾಗೆ ಆಗುತ್ತದೆ. ಹೆಂಡತಿಯ ತಮ್ಮ ಜರ್ಮನಿಯಲ್ಲಿದ್ದಾನೆ. 'ಹಿಮ ಅಂದರೆ ಹತ್ತಿ ಇದ್ದ ಹಾಗೆ, ಬಿದ್ದರೂ ಏನೂ ಆಗಲ್ಲ, ಎರಡು ತಾಸಿನಲ್ಲಿ ಕಲಿಯಬಹುದು' ಅಂತಾನೆ. ಹಿಂದೆ ಒಮ್ಮೆ ಹೋದ ಸ್ನೇಹಿತರು ಹಿಮವೇ ಇರಲಿಲ್ಲ ಅಂತ ಬೇಜಾರು ಮಾಡಿಕೊಂಡು ಬಂದರು. ಗೊಂಡೊಲಾ ಕೇಬಲ್ ಕಾರಿನಲ್ಲಿ ಎರಡನೇ ಹಂತದ ತನಕ ಹೋಗಿ ಅಲ್ಲಿಂದ ಸ್ಕೀ ಮಾಡುತ್ತಾ ಇಳಿಯಬಹುದಾ? ಚಳಿಗೆ ಸ್ವಲ್ಪ ರಮ್ ಒಳ್ಳೆಯದು ಅಂತಾರೆ, ನಿಜವಾ? ಮಗಳು ಕನ್ನಡಕ ಹಾಕುತ್ತಾಳೆ, ಅದಕ್ಕೇನು ಮಾಡಬೇಕು?"

ಉತ್ತರ:

ನಿಮ್ಮ ಪತ್ರ ಎರಡು ಸಾರಿ ಓದಿದೆ. ಪ್ರಶ್ನೆ ಐದಾರು ಇದ್ದರೂ ಒಳಗಿನ ಚಿಂತೆ ಒಂದೇ. ಇಷ್ಟು ದೂರ, ಇಷ್ಟು ಖರ್ಚು ಮಾಡಿ ಹೋದರೆ ಸಿಗುವ ಒಂದೇ ದಿನದಲ್ಲಿ ಹಿಮ ಸರಿ ಇರುತ್ತದಾ, ಇದ್ದರೆ ಮಂಡಿ ಕೆಡಿಸಿಕೊಳ್ಳದೆ ಊರಿಗೆ ಬರಬಹುದಾ. ಹೊರಡುವ ಮುಂಚೆಯೇ ಇದನ್ನು ಕೇಳಿದಿರಲ್ಲ, ಬಹಳ ಒಳ್ಳೆಯದಾಯಿತು. ಹೆಚ್ಚಿನವರು ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದ ಮೇಲೆ ಕೇಳುತ್ತಾರೆ.

ನಾನು ಬೆಳಗಾವಿಯವನು. ಸೈನ್ಯದಲ್ಲಿದ್ದಾಗ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತೆ, ಆಮೇಲೆ ಹಲವು ಚಳಿಗಾಲ ಬೇರೆಯವರಿಗೆ ಕಲಿಸಿದೆ. ನಿವೃತ್ತಿಯ ನಂತರವೂ ನಮ್ಮ ಕಡೆಯ ಕುಟುಂಬಗಳನ್ನು ಕರೆದುಕೊಂಡು ಹೋಗುತ್ತಿರುತ್ತೇನೆ. ಮೊದಲ ವರ್ಷ ನನಗೂ ಹಿಮ ಅಂದರೆ ಬೆಳ್ಳಗಿನ ಒಂದು ವಸ್ತು, ಅಷ್ಟೇ. ಬೆಳಿಗ್ಗೆ ಸಲೀಸಾಗಿ ಇಳಿದ ಜಾಗದಲ್ಲೇ ಸಂಜೆ ಯಾಕೆ ಬೀಳುತ್ತೇನೆ ಅನ್ನೋದು ತಿಳಿಯುತ್ತಿರಲಿಲ್ಲ. ಆಗ ಅಜ್ಜ ನೆನಪಾದ. ಸವದತ್ತಿ ಕಡೆ ನಮ್ಮದು ಎರಿ ಹೊಲ. ಬಿತ್ತುವ ಮುಂಚೆ ಅಜ್ಜ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತುತ್ತಿದ್ದ, ಮುಷ್ಟಿ ಬಿಚ್ಚುತ್ತಿದ್ದ, ಹೆಬ್ಬೆರಳಿನಿಂದ ಉಂಡೆ ಒಡೆದು ನೋಡುತ್ತಿದ್ದ. ಉಂಡೆಯೇ ಆಗಲಿಲ್ಲ ಅಂದರೆ ಒಣಗಿದೆ. ಕೈಗೆ ಮೆತ್ತಿಕೊಂಡರೆ ಹಸಿ ಜಾಸ್ತಿ. ಉಂಡೆಯಾಗಿ, ಮುಟ್ಟಿದರೆ ಪುಡಿಯಾದರೆ ಹದ ಬಂದಿದೆ, ಕೂರಿಗೆ ಕಟ್ಟಬಹುದು. ಹಿಮಕ್ಕೂ ಹಾಗೇ ಹದ ಇರುತ್ತದೆ. ಮಣ್ಣಿನ ಹದ ಎರಡು ಮೂರು ದಿನ ನಿಲ್ಲಬಹುದು. ಹಿಮದ ಹದ ತಾಸು ತಾಸಿಗೂ ಬದಲಾಗುತ್ತದೆ. ನಿಮ್ಮ ಆ ಒಂದು ದಿನ ಚೆನ್ನಾಗಿ ಆಗುತ್ತದಾ ಇಲ್ಲವಾ ಅನ್ನೋದು ಬಹುಪಾಲು ಇದರ ಮೇಲೆಯೇ ನಿಂತಿದೆ.

ಅಲ್ಲಿ ಹೋದ ಕೂಡಲೇ ನೀವೂ ಒಂದು ಹಿಡಿ ಹಿಮ ತೆಗೆದು ಒತ್ತಿ ನೋಡಿ. ಒಣ ಜೋಳದ ಹಿಟ್ಟಿನ ಹಾಗೆ ಬೆರಳಿನ ಸಂದಿಯಿಂದ ಉದುರಿತು ಅಂದರೆ ಅದು ಹೊಸ ಹಿಮ, ತುಂಬಾ ಚಳಿಯಲ್ಲಿ ಬಿದ್ದದ್ದು. ಇದನ್ನೇ ಪೌಡರ್ ಅನ್ನೋದು. ಉಂಡೆ ಕಟ್ಟಿದರೆ ಸ್ವಲ್ಪ ತೇವ ಇದೆ, ಕಲಿಯುವವರಿಗೆ ಒಳ್ಳೆಯದು. ಒತ್ತಿದಾಗ ಕೈಗವಸಿನಿಂದ ನೀರು ತೊಟ್ಟಿಕ್ಕಿದರೆ ಅದು ಕೆಸರಿನ ಹಾಗಿರುವ ಹಿಮ, ಕಾಲಿಗೆ ಕಟ್ಟಿದ ಸ್ಕೀ ಹಲಗೆ ಅದರಲ್ಲಿ ತಟ್ಟನೆ ನಿಂತುಬಿಡುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಕೈಗೆ ಏನೂ ಸಿಗದೆ ಉಗುರು ಕೆರೆದ ಹಾಗಾದರೆ ಅದು ಬರೀ ಐಸ್. ಶಹಾಬಾದ್ ಕಲ್ಲಿನ ನೆಲದ ಮೇಲೆ ಸೋಪಿನ ನೀರು ಚೆಲ್ಲಿದರೆ ಹೇಗೋ ಹಾಗೆ. ಇನ್ನೊಂದು ಜಾತಿ ಇದೆ, ನನಗೆ ಎಲ್ಲಕ್ಕಿಂತ ಹೆದರಿಕೆ ಅದರದ್ದೇ. ಮೇಲೆ ಕಡಕ್ ರೊಟ್ಟಿಯ ಹಾಗೆ ಗಟ್ಟಿ ಪದರ, ಕೆಳಗೆ ಮೆತ್ತನೆಯ ಪುಡಿ. ಬಿಸಿಲಿಗೆ ಮೇಲ್ಪದರ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ ಹೀಗಾಗುತ್ತದೆ. ಒಂದೆರಡು ಮಾರು ದೂರ ಅದು ನಿಮ್ಮ ಭಾರ ತಡೆಯುತ್ತದೆ, ಆಮೇಲೆ ಪಟ್ಟನೆ ಒಡೆದು ಒಂದು ಕಾಲು ಒಳಗೆ ಹೋಗುತ್ತದೆ. ಮಂಡಿ ತಿರುಚುವುದು ಆಗಲೇ. ರೂಢಿ ಇದ್ದವರೂ ಅಂಥ ಕಡೆ ಹುಷಾರಾಗಿರುತ್ತಾರೆ.

ಈಗ 'ಹತ್ತಿ ಇದ್ದ ಹಾಗೆ' ಅನ್ನೋ ಮಾತಿಗೆ ಬರೋಣ. ನಿಮ್ಮ ಹೆಂಡತಿಯ ತಮ್ಮ ಸುಳ್ಳು ಹೇಳುತ್ತಿಲ್ಲ. ಹಿಂದಿನ ರಾತ್ರಿ ಒಂದಡಿ ಹೊಸ ಹಿಮ ಬಿದ್ದಿದ್ದರೆ ಬಿದ್ದಾಗ ನೋವಾಗಲ್ಲ. ಆದರೆ ಕಲಿಯುವವರ ಇಳಿಜಾರಿನಲ್ಲಿ ಹೊಸ ಹಿಮ ಉಳಿಯುವುದೇ ಕಡಿಮೆ. ದಿನಕ್ಕೆ ನೂರಾರು ಜನ ಅದೇ ಜಾಗದಲ್ಲಿ ಜಾರಿ, ಬಿದ್ದು, ನಡೆದಾಡಿ ಅದನ್ನು ಕಣದ ಹಾಗೆ ಗಟ್ಟಿ ಮಾಡಿರುತ್ತಾರೆ. ಅವನು ಹೋಗುವ ಆಲ್ಪ್ಸ್ ಕಡೆ ರಾತ್ರಿಯೆಲ್ಲಾ ಯಂತ್ರ ಓಡಿಸಿ ಇಳಿಜಾರನ್ನು ಕೆರೆದು ಹಸನು ಮಾಡುತ್ತಾರೆ. ಸುಲಭದ ದಾರಿಗೆ ನೀಲಿ, ಮಧ್ಯಮಕ್ಕೆ ಕೆಂಪು, ಕಷ್ಟದ್ದಕ್ಕೆ ಕಪ್ಪು ಅಂತ ಗುರುತು ಹಾಕಿರುತ್ತಾರೆ. ಹಿಮ ಕಡಿಮೆಯಾದರೆ ಯಂತ್ರದಿಂದಲೇ ಹಿಮ ಮಾಡಿ ಹರಡುತ್ತಾರೆ. ಗುಲ್ಮಾರ್ಗ್‌ನಲ್ಲಿ ಹಸನು ಮಾಡಿದ ಇಳಿಜಾರು ಕಡಿಮೆ, ಹೆಚ್ಚಿನ ಭಾಗ ಬೆಟ್ಟ ಹೇಗಿದೆಯೋ ಹಾಗೇ. ಚೆನ್ನಾಗಿ ಬರುವವರಿಗೆ ಅದೇ ಸ್ವರ್ಗ, ಅದಕ್ಕೇ ಹೊರದೇಶದವರು ಅಷ್ಟು ದೂರ ಬರುತ್ತಾರೆ. ಹೊಸಬರಿಗೆ ಮಾತ್ರ ಅವನ ಅನುಭವ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಪೆಟ್ಟು ಹೇಗೆ ಆಗುತ್ತದೆ ಅನ್ನೋದೂ ತಿಳಿದಿರಲಿ. ಸ್ಕೀಯಿಂಗ್‌ನಲ್ಲಿ ಬಿದ್ದ ಏಟಿಗಿಂತ ತಿರುಚುವುದರಿಂದ ಆಗುವ ಪೆಟ್ಟೇ ಜಾಸ್ತಿ. ಕಾಲಿಗೆ ಒಂದೂವರೆ ಮೀಟರ್ ಉದ್ದದ ಹಲಗೆ ಕಟ್ಟಿರುತ್ತದೆ. ಬೂಟು ಗಟ್ಟಿ ಪ್ಲಾಸ್ಟಿಕ್, ಪಾದ, ಹಿಮ್ಮಡಿ ಅಲ್ಲಾಡಲು ಬಿಡುವುದಿಲ್ಲ. ಹಲಗೆಯ ತುದಿ ಎಲ್ಲಾದರೂ ಸಿಕ್ಕಿ ತಿರುಗಿದರೆ ಆ ತಿರುವು ಪಾದದಲ್ಲಿ ನಿಲ್ಲದೆ ಸೀದಾ ಮಂಡಿಗೆ ಬರುತ್ತದೆ. ಬಾವಿಯ ರಾಟೆಗೆ ಉದ್ದ ಕೋಲು ಹಾಕಿ ತಿರುಗಿಸಿದ ಹಾಗೆ, ಸ್ವಲ್ಪ ಬಲಕ್ಕೇ ದೊಡ್ಡ ತಿರುಚು. ಸ್ಕೀಯಿಂಗ್ ಗಾಯಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಂಡಿಯದ್ದೇ. ಇದನ್ನು ತಪ್ಪಿಸಲಿಕ್ಕೆ ಬೂಟಿಗೂ ಹಲಗೆಗೂ ನಡುವೆ ಬೈಂಡಿಂಗ್ ಅಂತ ಒಂದು ಹಿಡಿಕೆ ಇರುತ್ತದೆ. ಇಷ್ಟು ಬಲ ಬಿದ್ದರೆ ಬೂಟನ್ನು ಬಿಟ್ಟುಬಿಡು ಅಂತ ಅದಕ್ಕೆ ಒಂದು ನಂಬರು ಇಡುತ್ತಾರೆ. ಆ ನಂಬರು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ನಿಮಗೆ ಎಷ್ಟು ಬರುತ್ತದೆ ಅನ್ನೋದರ ಮೇಲೆ ಲೆಕ್ಕ ಹಾಕುವಂಥದ್ದು. ಜಾಸ್ತಿ ಇಟ್ಟರೆ ಬೀಳುವಾಗ ಬಿಡುವುದಿಲ್ಲ, ಕಡಿಮೆ ಇಟ್ಟರೆ ಸುಮ್ನೆ ಕಳಚಿಕೊಳ್ಳುತ್ತದೆ.

ಬಾಡಿಗೆ ಅಂಗಡಿಯಲ್ಲಿ ಗದ್ದಲ ಇರುತ್ತದೆ. ಹಿಂದಿನವರು ಬಿಟ್ಟುಹೋದ ನಂಬರಿನಲ್ಲೇ ನಿಮಗೆ ಕೊಟ್ಟುಬಿಡುವುದು ಬಹಳ ಸಲ ನೋಡಿದ್ದೇನೆ. ಒಮ್ಮೆ ಬಾಗಲಕೋಟೆಯ ಒಂದು ಕುಟುಂಬದ ಜೊತೆ ಇದ್ದೆ. ತಾಯಿ 52 ಕೆ.ಜಿ., ಮಗ 80 ದಾಟಿದ್ದ. ಇಬ್ಬರ ಬೈಂಡಿಂಗ್‌ನಲ್ಲೂ ಒಂದೇ ನಂಬರು. ಕೇಳಿದರೆ ಅಂಗಡಿಯ ಹುಡುಗ ಎರಡು ನಿಮಿಷದಲ್ಲಿ ಸ್ಕ್ರೂಡ್ರೈವರ್ ತಂದು ಸರಿ ಮಾಡಿಕೊಟ್ಟ, ಬೇಜಾರೂ ಮಾಡಿಕೊಳ್ಳಲಿಲ್ಲ. ಕೇಳಿದ್ದಕ್ಕೆ ಆಯಿತು. ಆದ್ದರಿಂದ ತೂಕ, ವಯಸ್ಸು ನಿಜ ಹೇಳಿ, 'ಮೊದಲ ಸಾರಿ' ಅಂತ ಬಾಯಿಬಿಟ್ಟು ಹೇಳಿ. ಬೈಂಡಿಂಗ್‌ನ ಮುಂದಿನ ಮತ್ತು ಹಿಂದಿನ ಪುಟ್ಟ ಕಿಟಕಿಯಲ್ಲಿ ಕಾಣುವ ನಂಬರು ಎರಡೂ ಹಲಗೆಯಲ್ಲಿ ಹೊಂದುತ್ತದಾ ಅಂತ ಕಣ್ಣಾರೆ ನೋಡಿ.

ಬೂಟಿನ ವಿಷಯದಲ್ಲಿ ನಾಚಿಕೆ ಬೇಡ, ಮೂರು ಜೋಡಿ ಹಾಕಿ ನೋಡಿ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಸ್ವಲ್ಪ ತಾಗಬೇಕು. ಮಂಡಿ ಬಗ್ಗಿಸಿ ಕಣಕಾಲನ್ನು ಮುಂದಕ್ಕೆ ಒತ್ತಿದಾಗ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೆ ಏಳಬಾರದು. ಚಳಿ ಅಂತ ಎರಡೆರಡು ಸಾಕ್ಸ್ ಹಾಕುತ್ತಾರೆ, ಅದು ತಪ್ಪು. ಬಿಗಿಯಾದರೆ ರಕ್ತ ಓಡಾಡುವುದು ಕಡಿಮೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಮಡಿಕೆ ಬಿದ್ದಲ್ಲಿ ಗುಳ್ಳೆ ಏಳುತ್ತದೆ. ಮಂಡಿ ತನಕ ಬರುವ ಒಂದೇ ಉಣ್ಣೆಯ ಸಾಕ್ಸ್ ಸಾಕು.

ಇನ್ನು ನಿಮ್ಮ ಮಂಡಿ. ಇಲ್ಲಿ ನಾನು ಮುಲಾಜಿಲ್ಲದೆ ಹೇಳಬೇಕು. 'ಸರಕ್ಕನೆ ಜಾರಿದ ಹಾಗೆ' ಅಂತ ಬರೆದಿದ್ದೀರಿ. ಬರೀ ನೋವಾಗಿದ್ದರೆ ಬೇರೆ ಮಾತು. ಮಂಡಿ ಜಾರಿದ ಹಾಗೆ ಆಗುವುದು ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಸಡಿಲ ಇರುವುದರ ಲಕ್ಷಣ ಇರಬಹುದು. ಕಬಡ್ಡಿಯಲ್ಲಿ ಒಬ್ಬ ಕಾಲು ಹಿಡಿದಾಗ ಇನ್ನೊಬ್ಬ ಮೈ ತಿರುಗಿಸುತ್ತಾನಲ್ಲ, ಆಗ ಹರಿಯುವುದೂ ಅದೇ, ಸ್ಕೀಯಿಂಗ್‌ನಲ್ಲಿ ಹರಿಯುವುದೂ ಅದೇ. ನಾನು ಡಾಕ್ಟರ್ ಅಲ್ಲ. ಟಿಕೆಟ್ ಆಗಿದ್ದರೂ ಪರವಾಗಿಲ್ಲ, ಮೊದಲು ಒಬ್ಬ ಮೂಳೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಅವರು ಮಲಗಿಸಿ ಕೈಯಿಂದ ಎಳೆದು ನೋಡಿಯೇ ಬಹಳಷ್ಟು ಹೇಳುತ್ತಾರೆ, ಬೇಕಾದರೆ ಸ್ಕ್ಯಾನ್ ಬರೆಯುತ್ತಾರೆ. ಸಡಿಲ ಇದೆ ಅಂದರೆ ಈ ವರ್ಷ ನೀವು ಸ್ಕೀ ಕಟ್ಟಬೇಡಿ, ಮಗಳು ಕಲಿಯಲಿ, ನೀವು ಜೊತೆಗಿರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ನೀಕ್ಯಾಪ್ ಹಾಕಿಕೊಂಡರೆ ಆಯಿತು ಅಂದುಕೊಳ್ಳಬೇಡಿ. ಅದು ಬಿಸುಪು ಕೊಡುತ್ತದೆ, ಧೈರ್ಯ ಕೊಡುತ್ತದೆ, ತಿರುಚುವ ಬಲವನ್ನು ತಡೆಯುವುದಿಲ್ಲ.

ಲಿಗಮೆಂಟ್ ಗಟ್ಟಿ ಇದೆ, ತೊಡೆಯ ಸ್ನಾಯು ಮಾತ್ರ ಸೋತಿದೆ ಅಂತ ಡಾಕ್ಟರ್ ಹೇಳಿದರೆ ಇವತ್ತಿನಿಂದಲೇ ಶುರು ಮಾಡಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲುವುದು, ಮೊದಲ ವಾರ 20 ಸೆಕೆಂಡ್, ಆಮೇಲೆ ನಿಧಾನಕ್ಕೆ ಒಂದು ನಿಮಿಷದ ತನಕ. ನಿಮ್ಮೂರಲ್ಲಿ ಗೋಳಗುಮ್ಮಟ ಇದೆ. ಅದರ ಗೋಪುರದ ಇಕ್ಕಟ್ಟಾದ ಮೆಟ್ಟಿಲಿಗಿಂತ ಒಳ್ಳೆಯ ಪರೀಕ್ಷೆ ಬೇಕಾ? ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮಂಡಿಯ ಕೆಲಸ. ಸ್ಕೀಯಿಂಗ್ ಅಂದರೆ ದಿನವಿಡೀ ಇಳಿಯುವುದೇ ಅಲ್ವಾ. ಒಂದು ತಿಂಗಳು ವಾರಕ್ಕೆ ಮೂರು ದಿನ ಇಂಥ ಮೆಟ್ಟಿಲು ಹತ್ತಿ ಇಳಿದು, ಇಳಿಯುವಾಗ ಮಂಡಿ ಒಮ್ಮೆಯೂ ಜಾರದಿದ್ದರೆ, ಡಾಕ್ಟರೂ ಹೂಂ ಅಂದರೆ, ಮೊದಲ ದಿನದ ಇಳಿಜಾರಿಗೆ ಅಡ್ಡಿಯಿಲ್ಲ.

ಹಿಮವೇ ಇರಲಿಲ್ಲ ಅಂತ ಬಂದ ಸ್ನೇಹಿತರ ಮಾತೂ ನಿಜವೇ. ನಮಗೆ ಮಳೆ ತರುವುದು ಮುಂಗಾರು. ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದು ಪಶ್ಚಿಮದ ಗಾಳಿ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಗಾಳಿಯ ಅಲೆಗಳು. ಅವು ಸಾಲಾಗಿ ಬಂದರೆ ಹಿಮ, ಬರದಿದ್ದರೆ ಒಣ ಚಳಿ. ಡಿಸೆಂಬರ್ 21ರಿಂದ ಜನವರಿ 29ರ ತನಕದ ಕಡು ಚಳಿಯ 40 ದಿನಗಳಿಗೆ ಅಲ್ಲಿಯವರು ಚಿಲ್ಲೈ ಕಲಾನ್ ಅಂತಾರೆ. ಹಿಮ ಬೀಳಬೇಕಾದ ಕಾಲ ಅದೇ. ಆದರೆ ನಮ್ಮ ಮುಂಗಾರಿನ ಹಾಗೆ ಅದೂ ಕೈಕೊಡುತ್ತದೆ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಬೋಳಾಗಿತ್ತು, ತಿಂಗಳ ಕೊನೆಗೆ ಹಿಮ ಬಂತು. 2025ರಲ್ಲಿ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮುಂದಕ್ಕೆ ಹೋಗಿ ಮಾರ್ಚ್‌ನಲ್ಲಿ ನಡೆಯಿತು. ಮಳೆ ನಂಬಿ ಬದುಕುವ ನಮಗೆ ಈ ಅನಿಶ್ಚಿತತೆ ಹೊಸದೇನಲ್ಲ.

ಹಾಗಾದರೆ ಏನು ಮಾಡಬೇಕು? ಟಿಕೆಟ್ ಬದಲಿಸಲು ಸಾಧ್ಯ ಇದ್ದರೆ ಫೆಬ್ರವರಿಯ ಮೊದಲ ಎರಡು ಮೂರು ವಾರ ಜನವರಿಗಿಂತ ಮೇಲು. ಅಷ್ಟರಲ್ಲಿ ನೆಲದ ಮೇಲೆ ಪದರ ಕೂಡಿಕೊಂಡಿರುವ ಸಂಭವ ಹೆಚ್ಚು, ಹಗಲೂ ಸ್ವಲ್ಪ ಉದ್ದ. ಆದರೂ ಅದು ಗ್ಯಾರಂಟಿ ಅಲ್ಲ, 2025 ಅದನ್ನೂ ತೋರಿಸಿತು. ತಾರೀಖು ಬದಲಿಸಲು ಆಗದಿದ್ದರೆ ಇನ್ನೊಂದು ದಾರಿ ಇದೆ, ನನ್ನ ಪ್ರಕಾರ ಅದೇ ಮುಖ್ಯ. ಗುಲ್ಮಾರ್ಗ್‌ಗೆ ಒಂದು ದಿನ ಅಲ್ಲ, ಎರಡು ರಾತ್ರಿ ಇಡಿ. ಶ್ರೀನಗರದ ಒಂದು ದಿನ ಬೇಕಾದರೆ ಕಡಿಮೆ ಮಾಡಿ. ಬೆಳಿಗ್ಗೆ ಶ್ರೀನಗರ ಬಿಟ್ಟು ಸಂಜೆ ವಾಪಸ್ ಬರುವ ಕಾರ್ಯಕ್ರಮದಲ್ಲಿ ಹಿಮದ ಒಳ್ಳೆಯ ಹೊತ್ತು ದಾರಿಯಲ್ಲೇ ಕಳೆದುಹೋಗುತ್ತದೆ. ದೂರ ಬರೀ 50 ಕಿ.ಮೀ. ಆಸುಪಾಸು. ಆದರೆ ಹಿಮ ಬಿದ್ದ ದಿನ ತಂಗ್‌ಮಾರ್ಗ್ ದಾಟಿದ ಮೇಲಿನ ಏರುದಾರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು, ಸಾಲು ನಿಂತರೆ ನಿಂತಿತು. ಅಲ್ಲೇ ಉಳಿದರೆ ಎರಡರಲ್ಲಿ ಯಾವ ದಿನ ಚೆನ್ನಾಗಿದೆಯೋ ಆ ದಿನ ಸ್ಕೀ ಕಟ್ಟಬಹುದು. ಹಿಮ ತೆಳ್ಳಗಿದ್ದು ನಡುನಡುವೆ ಹುಲ್ಲು, ಕಲ್ಲು ಇಣುಕುತ್ತಿದ್ದರೆ ಸ್ಕೀ ಬಿಟ್ಟುಬಿಡಿ. ಕಲ್ಲಿಗೆ ತಾಗಿದ ಹಲಗೆ ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಉತ್ತರಾಖಂಡದ ಔಲಿ, ಮನಾಲಿಯ ಸೋಲಂಗ್ ಕೂಡ ಕಲಿಯಲು ಒಳ್ಳೆಯ ಜಾಗಗಳೇ, ಆದರೆ ಅಲ್ಲೂ ಹಿಮದ ಕಥೆ ಇದೇ. ಔಲಿಗೆ ಹೋಗುವ ಯೋಚನೆ ಇದ್ದರೆ, 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದಾಗ ಅಲ್ಲಿಂದ ಮೇಲೆ ಹೋಗುವ ರೋಪ್‌ವೇ ನಿಲ್ಲಿಸಿದ್ದರು ಅನ್ನೋದು ಗೊತ್ತಿರಲಿ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಈಗ ಆ ದಿನ ಹೇಗೆ ಕಳೆಯಬೇಕು ಹೇಳುತ್ತೇನೆ, ಯಾಕಂದರೆ ಹದದ ವಿಷಯ ಪೂರ್ತಿ ಬರುವುದು ಇಲ್ಲೇ. ಮೋಡ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲಾ ಆಕಾಶಕ್ಕೆ ಹೋಗಿ ಹಿಮದ ಮೇಲ್ಪದರ ಗಟ್ಟಿಯಾಗುತ್ತದೆ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ 8–10 ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸಾಮಾನ್ಯ. ಹಾಗಾಗಿ ಬೆಳಿಗ್ಗೆ 9ಕ್ಕೆ ಹೋದರೆ ಕಾಲಡಿ ಕರಕರ ಸದ್ದು ಬರುತ್ತದೆ, ಇಳಿಜಾರು ಗಟ್ಟಿ, ವೇಗ ಜಾಸ್ತಿ. ಆ ಹೊತ್ತಿನಲ್ಲಿ ಸಮತಟ್ಟಾದ ಜಾಗದಲ್ಲಿ ಬೂಟು ಹಾಕಿ ನಡೆಯುವುದು, ಒಂದೇ ಸ್ಕೀ ಕಟ್ಟಿ ಜಾರುವುದು, ಬಿದ್ದು ಏಳುವುದು ಇಷ್ಟನ್ನೇ ಮಾಡಿ. ಹತ್ತೂವರೆ ಹೊತ್ತಿಗೆ ಬಿಸಿಲು ಬಿದ್ದ ಕಡೆ ಮೇಲ್ಪದರ ಅರ್ಧ ಇಂಚು ಸಡಿಲಾಗುತ್ತದೆ. ಹಲಗೆಯ ಅಂಚು ಅದರಲ್ಲಿ ಕಚ್ಚಿ ಹಿಡಿಯುತ್ತದೆ, ನಿಮಗೆ ಬೇಕಾದಾಗ ನಿಲ್ಲಲು ಬರುತ್ತದೆ. ಅಲ್ಲಿಂದ ಒಂದು ಗಂಟೆಯ ತನಕ ನಿಮ್ಮ ಬಂಗಾರದ ಹೊತ್ತು. ಊಟದ ನಂತರ ಬಿಸಿಲು ಜೋರಿದ್ದರೆ ಕೆಳಗಿನ ಇಳಿಜಾರು ಮೆತ್ತಗಾಗಿ ನೂರು ಜನ ಓಡಾಡಿದ ಗೀರು, ಹಳ್ಳ ಬೀಳುತ್ತವೆ. ಮೂರರ ನಂತರ ಅಫರ್ವಟ್ ಬೆಟ್ಟದ ನೆರಳು ಇಳಿಯತೊಡಗುತ್ತದೆ. ನೆರಳು ಬಿದ್ದ ಸ್ವಲ್ಪ ಹೊತ್ತಿಗೇ ಆ ಗೀರುಗಳೆಲ್ಲಾ ಗಟ್ಟಿಯಾಗುತ್ತವೆ. ಮಳೆಗಾಲದಲ್ಲಿ ಚಕ್ಕಡಿ ಹೋದ ಎರಿ ಮಣ್ಣಿನ ದಾರಿ ಒಣಗಿದಾಗ ಗಾಲಿಯ ಜಾಡು ಕಲ್ಲಿನ ಹಾಗೆ ನಿಲ್ಲುತ್ತದಲ್ಲ, ಸರೀ ಅದೇ. ಒಮ್ಮೆ ಹಲಗೆ ಆ ಜಾಡಿಗೆ ಇಳಿದರೆ ಅದು ಕರೆದುಕೊಂಡು ಹೋದಲ್ಲಿಗೆ ನೀವು ಹೋಗಬೇಕು.

ನನ್ನ ಎಡ ಮಂಡಿ ಹೋದದ್ದು ಅಂಥ ಹೊತ್ತಿನಲ್ಲೇ. ಕಲಿತು ನಾಲ್ಕನೇ ವರ್ಷ. ಬೆಳಿಗ್ಗೆಯಿಂದ ಚೆನ್ನಾಗಿ ಆಗಿತ್ತು, ಜೊತೆಗಿದ್ದವರು ಹೊರಟಿದ್ದರು, ನಾನು 'ಕೊನೆಯದೊಂದು ಸಾರಿ' ಅಂದೆ. ಅರ್ಧ ದಾರಿಯಲ್ಲಿ ಎಡ ಹಲಗೆ ಜಾಡಿಗೆ ಇಳಿಯಿತು. ಬೀಳುವ ಮುಂಚೆಯೇ ಮಂಡಿಯೊಳಗೆ ಟಕ್ ಅಂತ ಒಂದು ಸದ್ದು ಬಂತು. ನೋವು ಆಗ ಅಷ್ಟಿರಲಿಲ್ಲ, ಎದ್ದು ನಿಂತೆ. ಕಾಲು ನನ್ನದಲ್ಲ ಅನ್ನೋ ಹಾಗೆ ಪಕ್ಕಕ್ಕೆ ಹೋಯಿತು. ರಾತ್ರಿಗೆ ಮಂಡಿ ಕುಂಬಳಕಾಯಿಯಷ್ಟು ಬಾತುಕೊಂಡಿತು. ಅದಾದ ಮೇಲೆ ಏಳೆಂಟು ತಿಂಗಳು ಸ್ಕೀ ಮುಟ್ಟಲಿಲ್ಲ. ಅಂದಿನಿಂದ ನಾನು ಕರೆದುಕೊಂಡು ಹೋದ ಯಾರಿಗೂ ಮೂರು ಗಂಟೆಯ ನಂತರ ಸ್ಕೀ ಕಟ್ಟಲು ಬಿಟ್ಟಿಲ್ಲ, ಎಷ್ಟು ಗೋಗರೆದರೂ ಬಿಟ್ಟಿಲ್ಲ. ನಿಮ್ಮ ಮಗಳೂ ಖಂಡಿತ 'ಅಪ್ಪಾ, ಇನ್ನೊಂದೇ ಸಾರಿ' ಅನ್ನುತ್ತಾಳೆ. ಆಗ ಕಾಲು ದಣಿದಿರುತ್ತದೆ, ಹಿಮ ಗಟ್ಟಿಯಾಗಿರುತ್ತದೆ. ದಯವಿಟ್ಟು ಬೇಡ ಅನ್ನಿ.

ಎರಡು ತಾಸಿನಲ್ಲಿ ಏನು ಕಲಿಯಬಹುದು? ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ಕತ್ತರಿಸಿದ ಪಿಜ್ಜಾ ತುಂಡಿನ ಆಕಾರದಲ್ಲಿ ನಿಂತು ವೇಗ ತಡೆಯುವುದು. ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗುವುದು. ನಿಲ್ಲುವುದು. ಇಷ್ಟು ಆದರೆ ಬಹಳ ಆಯಿತು, ಮಕ್ಕಳಿಗೆ ಬೇಗ ಬರುತ್ತದೆ. ಒಬ್ಬ ಶಿಕ್ಷಕನನ್ನು ಗೊತ್ತು ಮಾಡಿಕೊಳ್ಳಿ, ಇಬ್ಬರಿಗೆ ಒಬ್ಬರು ಸಾಕು. ಪರವಾನಗಿ ಇದೆಯಾ ಕೇಳಿ, ದರ ಮತ್ತು ಎಷ್ಟು ತಾಸು ಅನ್ನೋದನ್ನು ಶುರುವಿನಲ್ಲೇ ಮಾತಾಡಿ. ಹೊಸಬರು ಮಾಡುವ ಒಂದು ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಭಯವಾದ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ, ಕುಂಡಿ ಕೆಳಗೆ ಹೋಗುತ್ತದೆ. ಹಾಗೆ ಹಿಂದೆ ಕೂತಾಗ ಹಲಗೆಯ ಮೇಲಿನ ಹಿಡಿತ ಪೂರ್ತಿ ತಪ್ಪುತ್ತದೆ, ಮಂಡಿಗೆ ಅತಿ ಕೆಟ್ಟ ಭಂಗಿಯೂ ಅದೇ. ಕಣಕಾಲ ಮುಂಭಾಗ ಬೂಟಿನ ನಾಲಗೆಗೆ ಒತ್ತಿಕೊಂಡೇ ಇರಬೇಕು. ಬೀಳುತ್ತೇನೆ ಅನ್ನಿಸಿದರೆ ಪಕ್ಕಕ್ಕೆ, ಬೆಟ್ಟದ ಕಡೆಗೆ ಬಿದ್ದುಬಿಡಿ. ಜಾರುತ್ತಿರುವಾಗಲೇ ಏಳಲು ಹೋಗಬೇಡಿ, ಪೂರ್ತಿ ನಿಂತ ಮೇಲೆ ಹಲಗೆಗಳನ್ನು ಇಳಿಜಾರಿಗೆ ಅಡ್ಡ ಇಟ್ಟು ಏಳಿ. ಕೈಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳದೆ ಸುಮ್ನೆ ಹಿಡಿದುಕೊಳ್ಳಿ. ಕೋಲಿನ ಸಮೇತ ಕೈಯೂರಿ ಬಿದ್ದರೆ ಹೆಬ್ಬೆರಳಿನ ಬುಡದ ಲಿಗಮೆಂಟ್ ಹರಿಯುತ್ತದೆ. ಹೆಲ್ಮೆಟ್ ಇಬ್ಬರಿಗೂ ಬೇಕೇಬೇಕು.

ಎರಡನೇ ಹಂತದಿಂದ ಸ್ಕೀ ಮಾಡುತ್ತಾ ಇಳಿಯಬಹುದಾ ಅಂತ ಕೇಳಿದಿರಿ. ಬೇಡ. ಇದರಲ್ಲಿ ಎರಡನೇ ಮಾತಿಲ್ಲ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಗೆ ಬಿಡುತ್ತದೆ, ಎರಡನೆಯದು ಅಫರ್ವಟ್‌ನ ಭುಜಕ್ಕೆ, ಸುಮಾರು 3,950 ಮೀಟರ್‌ಗೆ. ಅಲ್ಲಿಂದ ಕೆಳಗಿರುವುದು ಕಡಿದಾದ, ಹಸನು ಮಾಡದ ಬೆಟ್ಟ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದರಲ್ಲೂ ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನ, ಅಥವಾ ಗಾಳಿ ಹಿಮವನ್ನು ಒಂದು ಕಡೆ ತಂದು ಒಟ್ಟಿದಾಗ. ಕೆಳಗಿನ ಪದರ ಸಡಿಲ ಇದ್ದು ಮೇಲಿನದು ಗಟ್ಟಿ ಚಪ್ಪಡಿಯಂತಿದ್ದರೆ ಒಬ್ಬನ ಭಾರಕ್ಕೇ ಇಡೀ ಚಪ್ಪಡಿ ಜಾರಿಕೊಂಡು ಬರುತ್ತದೆ. 2023ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ತೀರಿಕೊಂಡರು. ಹಿಮದಡಿ ಸಿಕ್ಕವರನ್ನು ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬದುಕುವ ಆಸೆ, ಆಮೇಲೆ ಅದು ಬಹಳ ಬೇಗ ಇಳಿಯುತ್ತದೆ. ಮೇಲೆ ಹೋಗುವವರು ಹಿಮದಡಿ ಇದ್ದರೂ ಸುಳಿವು ಕೊಡುವ ಸಾಧನ, ಉದ್ದನೆಯ ಸಲಾಕೆ, ಸಲಿಕೆ ಮೂರನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುವುದು ಅದಕ್ಕೇ. ಬಯಲಿನಲ್ಲಿರುವ ಕಲಿಯುವವರ ಇಳಿಜಾರು ಹತ್ತು ಡಿಗ್ರಿ ಆಸುಪಾಸು, ಅಲ್ಲಿ ಈ ಭಯ ಇಲ್ಲ.

ನೋಡಲಿಕ್ಕೆ ಮೇಲೆ ಹೋಗಿ ಗೊಂಡೊಲಾದಲ್ಲೇ ಇಳಿದು ಬರುವುದಾದರೆ ಖಂಡಿತ ಹೋಗಿ. ಆಕಾಶ ಶುಭ್ರವಾಗಿದ್ದರೆ ಆ ನೋಟಕ್ಕೆ ಸಾಟಿಯಿಲ್ಲ. ಆದರೆ ಬಂದ ದಿನವೇ ಬೇಡ, ಮರುದಿನ ಹೋಗಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 590 ಮೀಟರ್. ಅಲ್ಲಿಂದ ಬಂದ ದೇಹಕ್ಕೆ ಆ ಮೇಲಿನ ಗಾಳಿಯಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ. 60ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ತಲೆ ಸಿಡಿತ, ವಾಕರಿಕೆ ಶುರುವಾದರೆ ಫೋಟೋ ಸಾಕು, ಕೆಳಗೆ ಇಳಿಯಿರಿ. ಇಳಿಯುವುದೇ ಅದಕ್ಕೆ ಮೊದಲ ಔಷಧಿ. ಹಗ್ಗ ಕಟ್ಟಿದ ಗೆರೆ ದಾಟಬೇಡಿ. ಮೇಲೆ ಕೆಳಗಿಗಿಂತ ಸುಮಾರು 8 ಡಿಗ್ರಿ ತಂಪು. ಜೊತೆಗೆ ಗಾಳಿ ಬೇರೆ. ಉಷ್ಣತೆ ಮೈನಸ್ 10 ಇದ್ದು ತಾಸಿಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 20ರ ಹಾಗೆ ತಾಗುತ್ತದೆ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ. ಅಂಥ ದಿನ ಜಗಳ ಆಡದೆ ಕೆಳಗೇ ಆಟ ಆಡಿ.

ರಮ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿ ರಕ್ತ ಮೇಲಕ್ಕೆ ಬರುತ್ತದೆ, ಬೆಚ್ಚಗಾದ ಹಾಗೆ ಅನ್ನಿಸುತ್ತದೆ. ನಿಜಕ್ಕೂ ಆಗ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಸ್ಕೀ ಕಟ್ಟುವ ಮುಂಚೆಯಂತೂ ಬೇಡವೇ ಬೇಡ. ಕಾವಾ ಅನ್ನೋ ಕಾಶ್ಮೀರಿ ಚಹಾ ಬಿಸಿಬಿಸಿ ಕುಡಿಯಿರಿ. ಬೆಚ್ಚಗಿರಲು ಉಣ್ಣೆ ಹಾಕಿ. ನಮ್ಮ ಕುರುಬರ ಕಂಬಳಿ ನೆನೆದರೂ ಬೆಚ್ಚಗಿರುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಹತ್ತಿ ಹಾಗಲ್ಲ, ಬೆವರು ಹೀರಿ ತಣ್ಣಗಾಗಿ ಮೈಗೆ ಅಂಟುತ್ತದೆ. ಆದ್ದರಿಂದ ಮೈಗೆ ತಾಗುವ ಪದರ ಹತ್ತಿಯ ಬನಿಯನ್ ಆಗದಿರಲಿ, ಜೀನ್ಸ್ ಬೇಡ. ತೆಳು ಉಣ್ಣೆ ಅಥವಾ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ನೀರು, ಗಾಳಿ ತಡೆಯುವ ಜಾಕೆಟ್. ಕೈಗವಸು ಎರಡು ಜೋಡಿ ಇರಲಿ, ಒಂದು ನೆನೆಯುವುದು ಖಂಡಿತ. ಸನ್‌ಸ್ಕ್ರೀನ್ ಮರೆಯಬೇಡಿ. ಹೊಸ ಹಿಮ ನೇರಳಾತೀತ ಕಿರಣವನ್ನು ಶೇ. 80ರ ತನಕ ವಾಪಸ್ ಎಸೆಯುತ್ತದೆ, ಗದ್ದದ ಕೆಳಗೂ, ಮೂಗಿನ ಅಡಿಯೂ ಸುಡುತ್ತದೆ.

ಎರಡು ಸಣ್ಣ ಮಾತು, ಮರೆತರೆ ತೊಂದರೆ ಆಗುತ್ತದೆ. ಹೊರಗಿನ ಪ್ರಿಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಪ್ರವಾಸದ ವಿಮೆ ಮಾಡಿಸಿದ್ದರೆ ಸಾಹಸ ಕ್ರೀಡೆ ಸೇರಿದೆಯಾ ಓದಿ ನೋಡಿ, ಬಹಳ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಮಗಳ ಕನ್ನಡಕಕ್ಕೆ ಪರಿಹಾರ ಸುಲಭ. ಕನ್ನಡಕದ ಮೇಲೆಯೇ ಹಾಕುವಷ್ಟು ಅಗಲದ ಸ್ಕೀ ಗಾಗಲ್ ಸಿಗುತ್ತವೆ. ಬಾಡಿಗೆ ಅಂಗಡಿಯಲ್ಲಿ ಸಿಕ್ಕೇ ಸಿಗುತ್ತದೆ ಅನ್ನಲಾಗದು, ಇಲ್ಲಿಂದಲೇ ಕೊಂಡು, ಮನೆಯಲ್ಲಿ ಹೆಲ್ಮೆಟ್ ಜೊತೆ ಹಾಕಿ ನೋಡಿ. ಗಾಜು ತಿಳಿ ಹಳದಿ ಅಥವಾ ಕಿತ್ತಳೆ ಬಣ್ಣದ್ದಾದರೆ ಮೋಡದ ದಿನಕ್ಕೆ ಒಳ್ಳೆಯದು. ಮೋಡ ಕವಿದಾಗ ಹಿಮದ ಮೇಲೆ ನೆರಳೇ ಇರುವುದಿಲ್ಲ, ಎಲ್ಲಿ ಉಬ್ಬು ಎಲ್ಲಿ ತಗ್ಗು ಅಂತ ಕಾಣುವುದಿಲ್ಲ, ಆ ಬಣ್ಣ ಸ್ವಲ್ಪ ತೋರಿಸುತ್ತದೆ. ಗಾಗಲನ್ನು ಬೆವರಿದ ಹಣೆಯ ಮೇಲೆ ಏರಿಸಿ ಇಡಬಾರದು, ಆವಿ ಕಟ್ಟುತ್ತದೆ. ಕಟ್ಟಿದರೆ ಒಳಗಿನ ಗಾಜನ್ನು ಬಟ್ಟೆಯಿಂದ ಉಜ್ಜಬೇಡಿ, ಆವಿ ತಡೆಯುವ ಲೇಪ ಹೋಗುತ್ತದೆ. ಸುಮ್ನೆ ನೀರು ಕೊಡವಿ ಗಾಳಿಗೆ ಹಿಡಿಯಲಿ. ಹಳೆಯ ಕನ್ನಡಕ ಒಂದಿದ್ದರೆ ಅದನ್ನೂ ಬ್ಯಾಗಿಗೆ ಹಾಕಿಕೊಳ್ಳಿ.